ಬಳ್ಳಾರಿ ರಸ್ತೆಯ ಮೇಲೊಂದು ಸಂಖ್ಯಾರೇಖೆ

ಮೇಖ್ರಿ ಸರ್ಕಲ್ಲಿನಲ್ಲಿ ಆಟೊ ಹತ್ತಿದ್ದೀರಿ. ಜೇಬಿನಲ್ಲಿರುವುದು ನೂರೇ ರೂಪಾಯಿ. ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಎಲ್ಲಿಯತನಕ ಹೋಗಬಹುದು? 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಜಾರಿಗೆ ಬಂದ ದರದ ಪ್ರಕಾರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅಲ್ಲಿಂದ ಮುಂದೆ ಕಿಲೋಮೀಟರಿಗೆ 18 ರೂಪಾಯಿ. ಮೀಟರ್ ಹಾಕಲು ಒಪ್ಪುವ ಚಾಲಕರು ಸಿಕ್ಕಿದ್ದಾರೆ ಎಂದಿಟ್ಟುಕೊಳ್ಳಿ. ಗಣಿತದಲ್ಲಿ ಇಂಥ ಊಹೆಗಳಿಗೆ ಅಡ್ಡಿಯಿಲ್ಲ. ನೂರರಲ್ಲಿ 36 ಕಳೆದರೆ 64. ಅದನ್ನು 18ರಿಂದ ಭಾಗಿಸಿದರೆ ಮೂರು ಪೂರ್ಣ, ಒಂಬತ್ತರಲ್ಲಿ ಐದು ಪಾಲು. ಮೊದಲಿನ ಎರಡು ಸೇರಿಸಿದರೆ 50/9 ಕಿಲೋಮೀಟರ್, ಅಂದರೆ 5.555... ಎಂದು ಐದುಗಳು ಮುಗಿಯದೆ ಸಾಗುವ ಸಂಖ್ಯೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಕೊಡಿಗೇಹಳ್ಳಿ ಗೇಟಿನ ಆಸುಪಾಸು.

ಪರೀಕ್ಷೆಯಲ್ಲಾದರೆ ಇಲ್ಲಿಗೆ ಉತ್ತರ ಮುಗಿಯಿತು, ಕೆಳಗೆರಡು ಗೆರೆ ಎಳೆಯಬಹುದು. ಪ್ರಯಾಣಿಕರ ಪ್ರಶ್ನೆ ಮಾತ್ರ ಬೇರೆ. ನೂರು ರೂಪಾಯಿಯೊಳಗೆ ಎಲ್ಲೆಲ್ಲಿ ಇಳಿಯಬಹುದು ಎಂದು ಅವರು ಕೇಳುತ್ತಾರೆ. ಗಂಗಾನಗರದ ತಿರುವಿನಲ್ಲಿ ಇಳಿಯಬಹುದು, ಪಶುವೈದ್ಯ ಕಾಲೇಜಿನ ಮುಂದೆ ಇಳಿಯಬಹುದು, ಕೆರೆಯ ಎದುರು ಇಳಿಯಬಹುದು. ಉತ್ತರ ಒಂದು ಚುಕ್ಕೆಯಾಗಿ ನಿಲ್ಲದೆ ರಸ್ತೆಯ ಒಂದು ಇಡೀ ತುಂಡಾಗಿ ಹರಡಿಕೊಳ್ಳುತ್ತದೆ. ಅದನ್ನು ಬರೆದು ತೋರಿಸಲು ಸಂಖ್ಯಾರೇಖೆಗಿಂತ ಸುಲಭದ ಸಾಧನ ಇಲ್ಲ. ಸೊನ್ನೆಯ ಮೇಲೆ ಒಂದು ಟೊಳ್ಳು ವೃತ್ತ, ಏಕೆಂದರೆ ಹತ್ತಿದಲ್ಲೇ ಇಳಿದರೆ ಅದು ಪ್ರಯಾಣವಲ್ಲ. 50/9ರ ಮೇಲೆ ತುಂಬಿದ ವೃತ್ತ, ಏಕೆಂದರೆ ನೂರು ರೂಪಾಯಿ ಪೂರ್ತಿ ಖರ್ಚು ಮಾಡಲು ಅಡ್ಡಿಯಿಲ್ಲ. ನಡುವೆ ದಪ್ಪಗೆ ಎಳೆದ ಗೆರೆ. (ಮೀಟರು ದರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ ಎಂದು ಯಾರಾದರೂ ತಕರಾರು ತೆಗೆದರೆ ಅವರ ಮಾತು ಸರಿ. ಆಗ ತುಂಡಿನ ಬಲತುದಿ ಸ್ವಲ್ಪ ಅತ್ತಿತ್ತ ಸರಿಯುತ್ತದೆ, ಅಷ್ಟೆ.)

ನಮ್ಮ ಶಾಲೆಗಳಲ್ಲಿ ಸಂಖ್ಯಾರೇಖೆ ಬರುವ ಕ್ರಮ ಇದಕ್ಕೆ ತಲೆಕೆಳಗು. ಚಿಕ್ಕ ತರಗತಿಗಳಲ್ಲಿ ಪೂರ್ಣಾಂಕಗಳ ಚುಕ್ಕೆ, ಆಮೇಲೆ ಭಾಗಲಬ್ಧ ಸಂಖ್ಯೆಗಳ ಚುಕ್ಕೆ, ಒಂಬತ್ತನೆಯ ತರಗತಿಯಲ್ಲಿ ಕೈವಾರ ಹಿಡಿದು 2ರ ವರ್ಗಮೂಲದ ಚುಕ್ಕೆ. ರೇಖೆಯ ತುಂಡೇ ಉತ್ತರವಾಗುವ ಅಸಮತೆಗಳನ್ನು ಹೆಚ್ಚಿನವರು ಸರಿಯಾಗಿ ನೋಡುವುದು ಪಿಯುಸಿಗೆ ಬಂದಮೇಲೆ, ಅದೂ ವಿಜ್ಞಾನವನ್ನೋ ಗಣಿತವನ್ನೋ ಆರಿಸಿಕೊಂಡರೆ. ಉಳಿದವರಿಗೆ ಉತ್ತರವೆಂದರೆ ಜೀವನಪೂರ್ತಿ ಒಂದು ಸಂಖ್ಯೆಯೇ. ಹೊರಗೆ ಬದುಕಿನಲ್ಲಿ ಎದುರಾಗುವುದು ಬಹುಪಾಲು ತುಂಡುಗಳು: ವಯೋಮಿತಿ, ಆದಾಯದ ಮಿತಿ, ಗೃಹಜ್ಯೋತಿಯ 200 ಯೂನಿಟ್, ಮೆಟ್ರೊ ದರದ ಹಂತಗಳು. ಈ ಕ್ರಮವನ್ನು ತಿರುಗಿಸಿ, ತುಂಡನ್ನು ಮೊದಲು ತೋರಿಸಿ ಚುಕ್ಕೆಗೆ ಆಮೇಲೆ ಬಂದರೆ ಏನೂ ನಷ್ಟವಾಗದು ಎಂದು ನನಗನ್ನಿಸುತ್ತದೆ. ಅದಕ್ಕೆ ಒಳ್ಳೆಯ ಸಾಕ್ಷಿ ಉತ್ತರ ಬೆಂಗಳೂರಿನ ನೆಲದಲ್ಲೇ ಇದೆ.

ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಹಳೆಯದೊಂದು ಕಲ್ಲಿನ ಕಟ್ಟಡವಿತ್ತು. 2024ರ ಜುಲೈನಲ್ಲಿ ಅದು ನೆಲಕ್ಕುರುಳಿತು. ಉಪಖಂಡವನ್ನೇ ತ್ರಿಕೋನಗಳಲ್ಲಿ ಅಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಬೆಂಗಳೂರು ಆಧಾರರೇಖೆಯ, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾಗಿ ನೆಲದ ಮೇಲೆಯೇ ಅಳೆದ ಗೆರೆಯ, ಒಂದು ತುದಿ ಅಲ್ಲಿತ್ತು. ಇನ್ನೊಂದು ತುದಿ ನೈರುತ್ಯಕ್ಕೆ, ಮೇಖ್ರಿಯ ಕಡೆ. ನಡುವಿನ ದೂರ ಏಳು ಮೈಲಿಗೆ ಸ್ವಲ್ಪ ಕಡಿಮೆ, ಹೆಚ್ಚುಕಡಿಮೆ 11 ಕಿಲೋಮೀಟರ್. 1868ರಲ್ಲಿ ಅಳೆದ ಈ ಗೆರೆ, ಸರ್ವೇಕ್ಷಣೆಯವರು ಕೋಲ್ಬಿ ಪಟ್ಟಿಗಳೆಂಬ ಲೋಹದ ಅಳತೆಪಟ್ಟಿಗಳಿಂದ ಅಳೆದ ಹತ್ತು ಆಧಾರರೇಖೆಗಳಲ್ಲಿ ಒಂದು. ಆ ಹತ್ತರಲ್ಲಿ ಬೀದರಿನದೂ ಸೇರಿದೆ.

ಬೆಂಗಳೂರಿಗೆ ಇಂಥ ಗೆರೆ ಹೊಸದೇನಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲೇ, ಸರ್ವೆಗಾರ ವಿಲಿಯಂ ಲ್ಯಾಂಬ್ಟನ್ ಇಲ್ಲಿ ಒಂದು ಆಧಾರರೇಖೆ ಅಳೆದ. ಆಮೇಲೆ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ರೇಖೆ ಅಳೆಯಲು ತೊಡಗಿದ. ಆತನ ಬಳಿ ಇದ್ದದ್ದು ನೂರಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಚೀನಾದ ಚಕ್ರವರ್ತಿಗೆಂದು ಬ್ರಿಟಿಷರು ಒಯ್ದ ಉಡುಗೊರೆಗಳ ರಾಶಿಯಲ್ಲಿದ್ದು, ಅಲ್ಲಿ ಬೇಡವಾಗಿ, ಭಾರತಕ್ಕೆ ಬಂದ ಸರಪಳಿ ಅದು. ಸರಪಳಿಯನ್ನು ನೆಲದ ಮೇಲೆ ಎಳೆದಾಡಿದರೆ ಅಳತೆ ಕೆಡುತ್ತದೆ. ಹಾಗಾಗಿ ಮುಕ್ಕಾಲಿಗಳ ಮೇಲೆ ಮರದ ತೊಟ್ಟಿಗಳನ್ನಿಟ್ಟು, ಅದರೊಳಗೆ ಸರಪಳಿ ಬಿಗಿದು ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಡುತ್ತಿದ್ದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಸರಪಳಿ ಹಿಗ್ಗಿದರೆ ಒಂದು ಏಕಮಾನವೇ ಹಿಗ್ಗಿದಂತೆ. ಬೆಳಗಿನ ನೂರಡಿ ಮಧ್ಯಾಹ್ನದ ನೂರಡಿ ಅಲ್ಲ.

ನೋಟುಪುಸ್ತಕದಲ್ಲಿ ಸಂಖ್ಯಾರೇಖೆ ಎಳೆಯುವ ಹುಡುಗಿ ಎರಡು ಗೀರುಗಳ ನಡುವಿನ ಅಂತರ ಒಂದೇ ಸಮ ಇರಲೆಂದು ಅಳತೆಪಟ್ಟಿಯನ್ನು ಒತ್ತಿ ಹಿಡಿಯುತ್ತಾಳಲ್ಲ, ಲ್ಯಾಂಬ್ಟನ್ ಮಾಡಿದ್ದೂ ಅದನ್ನೇ. ಆತನ ಅಳತೆಪಟ್ಟಿ ಹೊತ್ತಿಗೊಂದು ಉದ್ದ ತಾಳುತ್ತಿತ್ತು ಎನ್ನುವುದಷ್ಟೇ ವ್ಯತ್ಯಾಸ. 1868ರ ಕೋಲ್ಬಿ ಪಟ್ಟಿಗಳು ಈ ತೊಂದರೆಗೆ ಜಾಣ ಉಪಾಯವೊಂದನ್ನು ಮಾಡಿಕೊಂಡಿದ್ದವು. ಹತ್ತಡಿಯ ಒಂದು ಹಿತ್ತಾಳೆ ಪಟ್ಟಿ, ಒಂದು ಕಬ್ಬಿಣದ ಪಟ್ಟಿ, ಎರಡನ್ನೂ ನಡುಮಧ್ಯೆ ಬೆಸೆದು, ತುದಿಗಳಲ್ಲಿ ಅಡ್ಡ ನಾಲಗೆಗಳನ್ನು ಜೋಡಿಸಿದ್ದರು. ಕಬ್ಬಿಣಕ್ಕಿಂತ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಆಗ ನಾಲಗೆ ವಾಲುತ್ತದೆ. ಎಷ್ಟೇ ವಾಲಿದರೂ ಕದಲದ ಒಂದು ಜಾಗ ಆ ನಾಲಗೆಯ ಮೇಲಿರುತ್ತದೆ. ಅಲ್ಲೊಂದು ಸೂಕ್ಷ್ಮ ಚುಕ್ಕೆ. ಸೂಕ್ಷ್ಮದರ್ಶಕದಲ್ಲಿ ಆ ಚುಕ್ಕೆಯಿಂದ ಮುಂದಿನ ಪಟ್ಟಿಯ ಚುಕ್ಕೆಗೆ ಅಳೆಯುತ್ತಾ ಸಾಗಬೇಕು. ಹತ್ತಡಿ, ಹತ್ತಡಿ ಎಂದು 11 ಕಿಲೋಮೀಟರ್.

ಅಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಭೂಮಿ ಗುಂಡಗಿರುವುದರಿಂದ, ಮೇಲಕ್ಕೆ ಹೋದಷ್ಟೂ ಅದೇ ಎರಡು ಲಂಬಗಳ ನಡುವಿನ ದೂರ ಹೆಚ್ಚುತ್ತದೆ. ಮದರಾಸಿನ ಗೆರೆಯನ್ನೂ ಬೆಂಗಳೂರಿನ ಗೆರೆಯನ್ನೂ ಒಂದೇ ಲೆಕ್ಕಕ್ಕೆ ತರಬೇಕೆಂದರೆ ಇಲ್ಲಿನ ಅಳತೆಯನ್ನು ಸಮುದ್ರಮಟ್ಟಕ್ಕೆ ಇಳಿಸಬೇಕು. 900 ಮೀಟರನ್ನು ಭೂಮಿಯ ತ್ರಿಜ್ಯವಾದ 6,371 ಕಿಲೋಮೀಟರಿನಿಂದ ಭಾಗಿಸಿ ನೋಡಿ: ಪ್ರತಿ ಕಿಲೋಮೀಟರಿಗೆ 14 ಸೆಂಟಿಮೀಟರ್, 11 ಕಿಲೋಮೀಟರಿಗೆ ಒಂದೂವರೆ ಮೀಟರ್ ಕಳೆಯಬೇಕು.

ಇನ್ನು ಫಲಿತಾಂಶದ ಮಾತು. ಮದರಾಸಿನ ರೇಖೆಯಿಂದ ಹೊರಟು ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಟುತ್ತಾ ಪಶ್ಚಿಮಕ್ಕೆ ಬಂದ ಲ್ಯಾಂಬ್ಟನ್ನನಿಗೆ ತನ್ನ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಬೇಕಿತ್ತು. 1804ರಲ್ಲಿ ಆತನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಏಳೂವರೆ ಮೈಲಿಯ ಹೊಸ ಆಧಾರರೇಖೆಯನ್ನು ನೆಲದ ಮೇಲೆಯೇ ಅಳೆದ. ತ್ರಿಕೋನಗಳ ಲೆಕ್ಕ ಹೇಳಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಇದ್ದ ವ್ಯತ್ಯಾಸ 3.7 ಅಂಗುಲ. ಲಕ್ಷ ಅಂಗುಲಕ್ಕೆ ಒಂದಂಗುಲವೂ ಇಲ್ಲ. ಕಾಡುಮೇಡಿನ ಆ ಕಾಲದಲ್ಲಿ ಇದು ಬೆರಗಿನ ಸಾಧನೆ. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ರೇಖೆಯ ನಿಜವಾದ ಉದ್ದ ಯಾವುದು? ವಾರನ್ನನದೋ, ತ್ರಿಕೋನದ್ದೋ? ಸಂಖ್ಯಾರೇಖೆಯ ಮೇಲೆ ಇವೆರಡೂ ಎರಡು ಚುಕ್ಕೆಗಳು, ನಡುವೆ 3.7 ಅಂಗುಲದ ತುಂಡು. ನಿಜವಾದ ಉದ್ದ ಆ ತುಂಡಿನಲ್ಲೇ ಇರಬಹುದು, ಅದರಾಚೆಗೂ ಇರಬಹುದು. ಎಂಥ ಸರ್ವೆಯವನೂ ಪ್ರಮಾಣ ಮಾಡಿ ಹೇಳಬಲ್ಲದ್ದು ಒಂದು ತುಂಡನ್ನು. ಎಂದಿಗೂ ಒಂದು ಚುಕ್ಕೆಯನ್ನಲ್ಲ.

ಹಾಗಿದ್ದರೆ ಚುಕ್ಕೆ ಎಲ್ಲಿಂದ ಬಂತು? ಅದು ಗಣಿತದ ಹಟದಿಂದ ಬಂದದ್ದು. ಒಂಬತ್ತನೆಯ ತರಗತಿಯಲ್ಲಿ ಮಾಡಿಸುವುದನ್ನು ನೆನಪಿಸಿಕೊಳ್ಳಿ. ಸೊನ್ನೆಯಿಂದ ಒಂದರವರೆಗಿನ ಗೆರೆಯ ಮೇಲೆ ಒಂದು ಚೌಕ, ಅದರ ಮೂಲೆಯಿಂದ ಮೂಲೆಗೆ ಎಳೆದ ಕರ್ಣ. ಕೈವಾರದ ಮುಳ್ಳನ್ನು ಸೊನ್ನೆಯಲ್ಲೂರಿ, ಕರ್ಣದಷ್ಟು ಅಗಲಿಸಿ ಕೆಳಕ್ಕೆ ತಿರುಗಿಸಿದರೆ ಕಂಸ ರೇಖೆಯನ್ನು ಕಡಿಯುವ ಜಾಗವೇ 2ರ ವರ್ಗಮೂಲ. ಒಂದು ಮಾನವನ್ನು ನೂರು ಭಾಗ ಮಾಡಿ, ಕೋಟಿ ಭಾಗ ಮಾಡಿ, ಯಾವ ಗೀರೂ ಆ ಚುಕ್ಕೆಯ ಮೇಲೆ ಕೂರುವುದಿಲ್ಲ. ನಮ್ಮ ಆಟೊದ 50/9 ಹಾಗಲ್ಲ. ದಶಮಾಂಶದಲ್ಲಿ ಬರೆದರೆ ಮುಗಿಯದು ನಿಜ, ಆದರೆ ಕಿಲೋಮೀಟರನ್ನು ಒಂಬತ್ತು ಪಾಲು ಮಾಡಿ ಐವತ್ತು ಪಾಲು ನಡೆದರೆ ಸರಿಯಾಗಿ ಅಲ್ಲಿಗೇ ಬರುತ್ತೀರಿ. 2ರ ವರ್ಗಮೂಲಕ್ಕೆ ಅಂಥ ದಾರಿಯಿಲ್ಲ. ಗೀರುಗಳಷ್ಟೇ ರೇಖೆಯಾದರೆ ಅಲ್ಲೊಂದು ತೂತಿರುತ್ತದೆ.

ಆ ತೂತುಗಳನ್ನು ಮುಚ್ಚಿದ್ದು ಜರ್ಮನಿಯ ರಿಚರ್ಡ್ ಡೆಡಿಕಿಂಡ್. ಜೂರಿಕ್‌ನಲ್ಲಿ ಪಾಠ ಮಾಡುತ್ತಿದ್ದಾಗ, 1858ರಲ್ಲಿ, ಹೊಳೆದ ವಿಚಾರವನ್ನು ಆತ ಪ್ರಕಟಿಸಿದ್ದು 1872ರಲ್ಲಿ. ವಿಚಾರ ಇಷ್ಟು: ಭಾಗಲಬ್ಧ ಸಂಖ್ಯೆಗಳನ್ನೆಲ್ಲ ಎಡಗುಂಪು, ಬಲಗುಂಪು ಎಂದು ಎರಡಾಗಿ ಕಡಿಯಿರಿ, ಎಡಗುಂಪಿನದೆಲ್ಲ ಬಲಗುಂಪಿನದಕ್ಕಿಂತ ಚಿಕ್ಕದಿರಲಿ. ಕಡಿದ ಜಾಗದಲ್ಲಿ ಭಾಗಲಬ್ಧ ಸಂಖ್ಯೆ ಇದ್ದರೆ ಸರಿ, ಇಲ್ಲದಿದ್ದರೆ ಆ ಕಡಿತವನ್ನೇ ಒಂದು ಸಂಖ್ಯೆ ಎಂದುಕೊಳ್ಳಿ. ವರ್ಗ ಮಾಡಿದರೆ 2ಕ್ಕಿಂತ ಕಡಿಮೆಯಾಗುವ ಧನ ಸಂಖ್ಯೆಗಳು, ಸೊನ್ನೆ ಮತ್ತು ಎಲ್ಲ ಋಣ ಸಂಖ್ಯೆಗಳು ಎಡಕ್ಕೆ, ಉಳಿದವು ಬಲಕ್ಕೆ. ಆ ಕಡಿತದ ಹೆಸರೇ 2ರ ವರ್ಗಮೂಲ. ಗಮನಿಸಿ, ಇಲ್ಲಿ ಚುಕ್ಕೆ ಹುಟ್ಟಿದ್ದು ಎರಡು ತುಂಡುಗಳಿಂದ! ತುಂಡು ಮೊದಲು, ಚುಕ್ಕೆ ಆಮೇಲೆ ಎಂಬ ನನ್ನ ವಾದಕ್ಕೆ ಇಷ್ಟು ದೊಡ್ಡವರ ಬೆಂಬಲ ಇದೆ ಎನ್ನುವುದು ಸಮಾಧಾನದ ಸಂಗತಿ.

ಏಕಮಾನದ ಕಥೆ ಆಯಿತು. ಸೊನ್ನೆಯ ಕಥೆ ಬೇರೆಯೇ ಇದೆ. ಹೆಬ್ಬಾಳದಿಂದ ದೇವನಹಳ್ಳಿಯ ಕಡೆಗಿನ ಹೆದ್ದಾರಿಯನ್ನು ಆರು ಪಥದ ರಸ್ತೆ ಮಾಡುವಾಗ ಯೋಜನೆಯ ಕಾಗದಗಳಲ್ಲಿ ಆ ತುಂಡನ್ನು ಗುರುತಿಸಿದ್ದು ಕಿ.ಮೀ. 534.720ರಿಂದ ಕಿ.ಮೀ. 556.840ರವರೆಗೆ ಎಂದು. ಹೆಬ್ಬಾಳದವರಿಗೆ ಸೊನ್ನೆ ಎಂದರೆ ಹೆಬ್ಬಾಳವೇ. ಹೆದ್ದಾರಿಯ ಕಡತಕ್ಕೆ ಹಾಗಲ್ಲ. ಅದರ ಸೊನ್ನೆ ಐನೂರೈವತ್ತು ಕಿಲೋಮೀಟರ್ ದೂರದಲ್ಲಿದೆ, ಎಣಿಕೆ ಬೆಂಗಳೂರಿನತ್ತ ಬರುತ್ತಾ ಏರುತ್ತದೆ. ಆದರೂ ಕಳೆದು ನೋಡಿದರೆ 22.12 ಕಿಲೋಮೀಟರ್ ಎಂಬ ಉದ್ದ ಮಾತ್ರ ಬದಲಾಗದು. ಸೊನ್ನೆ ಎಲ್ಲೇ ಇರಲಿ, ಎರಡು ಚುಕ್ಕೆಗಳ ನಡುವಿನ ದೂರಕ್ಕೆ ಅದರ ಹಂಗಿಲ್ಲ. ಈ ಮಾತನ್ನು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

ಸೊನ್ನೆಯ ಆಚೆ ಬದಿಗೂ ಒಂದಿಷ್ಟು ಗೌರವ ಸಲ್ಲಬೇಕು. ಎನ್‌ಸಿಇಆರ್‌ಟಿ 2024ರಲ್ಲಿ ತಂದ ಆರನೆಯ ತರಗತಿಯ ಹೊಸ ಗಣಿತ ಪುಸ್ತಕ ಋಣ ಸಂಖ್ಯೆಗಳನ್ನು ನೆಲದಡಿಗೂ ಇಳಿಯುವ ಲಿಫ್ಟಿನಿಂದ ಪರಿಚಯಿಸುತ್ತದೆ. ಒಳ್ಳೆಯ ಉಪಾಯ. ನಮ್ಮ ಮಾಲುಗಳ ಲಿಫ್ಟುಗಳಲ್ಲಿ ಮಾತ್ರ ಜಿ, ಬಿ1, ಬಿ2 ಎಂದು ಬರೆದು ಸೊನ್ನೆಗೂ ಋಣಕ್ಕೂ ಮುಸುಕು ಹಾಕಿರುತ್ತಾರೆ. ಬಿ2ರಿಂದ ಮೂರನೆಯ ಮಹಡಿಗೆ ಎಷ್ಟು ಅಂತಸ್ತು ಎಂದು ಕೇಳಿದರೆ ಜನ ಬೆರಳು ಮಡಚುತ್ತಾರೆ. −2ರಿಂದ 3ಕ್ಕೆ ಐದು ಎಂದು ಥಟ್ಟನೆ ಹೇಳಬಹುದಿತ್ತು.

ಯುರೋಪಿನಲ್ಲಿ ಋಣ ಸಂಖ್ಯೆಗೆ ರೇಖೆಯ ಮೇಲೆ ಜಾಗ ಕೊಟ್ಟವರಲ್ಲಿ ಮೊದಲಿಗನೆಂದು ಜಾನ್ ವಾಲಿಸ್‌ನ ಹೆಸರು ಹೇಳುವುದು ವಾಡಿಕೆ. 1685ರ ತನ್ನ ಬೀಜಗಣಿತದ ಪುಸ್ತಕದಲ್ಲಿ ಆತ ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದ ಮನುಷ್ಯನ ಉದಾಹರಣೆ ಕೊಟ್ಟ. ಅದಕ್ಕೂ ಐದು ಶತಮಾನ ಮೊದಲೇ, 1150ರ ಲೀಲಾವತಿಯಲ್ಲಿ, ಭಾಸ್ಕರಾಚಾರ್ಯರು ಇದೇ ವಿಚಾರವನ್ನು ಒಂದು ತ್ರಿಭುಜದ ಲೆಕ್ಕದೊಳಗೆ ಇಟ್ಟಿದ್ದಾರೆ. (ಅವರ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೋ ಖಾನದೇಶದ ಊರೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ.) ಪಾದ 9, ಉಳಿದೆರಡು ಬಾಹುಗಳು 10 ಮತ್ತು 17. ತುದಿಯಿಂದ ಪಾದಕ್ಕೆ ಲಂಬ ಇಳಿಸಿದರೆ ಪಾದ ಯಾವ ಎರಡು ತುಂಡಾಗುತ್ತದೆ? 17ರ ವರ್ಗದಲ್ಲಿ 10ರ ವರ್ಗ ಕಳೆದರೆ 189. ಅದನ್ನು 9ರಿಂದ ಭಾಗಿಸಿದರೆ 21. ತುಂಡುಗಳ ಮೊತ್ತ 9, ವ್ಯತ್ಯಾಸ 21. ಹಾಗಾಗಿ ಒಂದು ತುಂಡು 15, ಇನ್ನೊಂದು −6. ಋಣ ಆರು ಉದ್ದದ ಗೆರೆ ಎಂದರೇನು? ಲೆಕ್ಕ ತಪ್ಪಿತೆಂದು ಭಾಸ್ಕರರು ಅಳಿಸಿಹಾಕಲಿಲ್ಲ. ಅದು ದಿಕ್ಕು ತಿರುಗಿದ ತುಂಡು, ಲಂಬ ಪಾದದ ಹೊರಗೆ ಬಿದ್ದಿದೆ ಎಂದು ವಿವರಿಸಿದರು. ಲಂಬ 8, ಕ್ಷೇತ್ರಫಲ 36, ಎಲ್ಲವೂ ಸರಿಹೊಂದುತ್ತದೆ. ಸಂಖ್ಯಾರೇಖೆಯ ಚಿತ್ರ ಅಲ್ಲಿಲ್ಲ, ಆದರೆ ಅದರ ಜೀವ ಇದೆ.

ಈಗ ಸೊನ್ನೆ, ಎರಡು ದಿಕ್ಕು, ತುಂಡು, ಟೊಳ್ಳು ಮತ್ತು ತುಂಬಿದ ತುದಿ, ಎಲ್ಲವನ್ನೂ ಹಿಡಿದುಕೊಂಡು ಹೆಬ್ಬಾಳದ ಕೆರೆಯ ಹಿಂದಕ್ಕೆ, ನಾಗವಾರದತ್ತ ಹರಿಯುವ ರಾಜಕಾಲುವೆಯ ಬದಿಗೆ ಬನ್ನಿ. ಪರಿಷ್ಕೃತ ನಗರ ಮಹಾಯೋಜನೆ 2015ರಲ್ಲಿ ರಾಜಕಾಲುವೆಗಳಿಗೆ ಮೀಸಲು ಪ್ರದೇಶ ಗೊತ್ತುಮಾಡಿದ್ದರು: ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಅಳೆಯಬೇಕಾದ್ದು ಕಾಲುವೆಯ ನಡುಮಧ್ಯದಿಂದ, ಎರಡೂ ಬದಿಗೆ. ನಡುಮಧ್ಯವನ್ನು ಸೊನ್ನೆ ಎಂದಿಟ್ಟು, ಒಂದು ಜಾಗ ಅಲ್ಲಿಂದ ಎಷ್ಟು ಮೀಟರ್ ಆಚೆ ಅಥವಾ ಈಚೆ ಇದೆ ಎಂಬುದನ್ನು ‘ದ’ ಎಂದು ಕರೆದರೆ, ಗಣಿತದಲ್ಲಿ ಇದನ್ನು |ದ| ≤ 50 ಎಂದು ಬರೆಯುತ್ತಾರೆ. ‘ದ’ದ ಎರಡು ಪಕ್ಕ ನಿಂತ ಗೆರೆಗಳು ದಿಕ್ಕು ಯಾವುದಾದರೂ ಇರಲಿ, ದೂರ ಎಷ್ಟು ಹೇಳಿ ಎನ್ನುತ್ತವೆ. ಉತ್ತರ −50ರಿಂದ 50ರವರೆಗಿನ ತುಂಡು. ಕಟ್ಟಡಕ್ಕೆ ಉಳಿದದ್ದು ಅದರ ಆಚೆಗಿನ ಎರಡು ಕಿರಣಗಳು.

2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಳತೆಗಳನ್ನು ಹಿಗ್ಗಿಸಿತು. ಕೆರೆಗಳ ಸುತ್ತ 30 ಮೀಟರ್ ಇದ್ದದ್ದು 75 ಆಯಿತು. ದ್ವಿತೀಯ ಕಾಲುವೆಗೆ 35, ತೃತೀಯಕ್ಕೆ 25. ಪ್ರಾಥಮಿಕ ಕಾಲುವೆಯ 50 ಮಾತ್ರ 50 ಆಗಿಯೇ ಉಳಿಯಿತು. ಪತ್ರಿಕೆಯ ಪಟ್ಟಿಯಲ್ಲಿ ಓದಿದವರಿಗೆ ಅಲ್ಲೇನೂ ಬದಲಾಗಿಲ್ಲ ಅನ್ನಿಸಿರಬೇಕು. ಬದಲಾದದ್ದು ಸೊನ್ನೆ: ನಡುಮಧ್ಯದಲ್ಲಿದ್ದದ್ದು ಕಾಲುವೆಯ ಅಂಚಿಗೆ ಬಂತು. ಕಾಲುವೆ 20 ಮೀಟರ್ ಅಗಲವಿದೆ ಎಂದುಕೊಳ್ಳಿ. ಹಳೆಯ ಸೊನ್ನೆಯಿಂದ ನೋಡಿದರೆ |ದ| ≤ 50 ಇದ್ದದ್ದು |ದ| ≤ 60 ಆಯಿತು. ಪ್ರತಿ ಬದಿಗೆ ಹತ್ತು ಮೀಟರ್, ಅಂದರೆ ಮೂವತ್ತಡಿ ಅಗಲದ ಒಂದು ನಿವೇಶನ ಪೂರ್ತಿ ಒಳಗೆ. ಎರಡು ಚುಕ್ಕೆಗಳ ನಡುವಿನ ದೂರಕ್ಕೆ ಸೊನ್ನೆಯ ಹಂಗಿಲ್ಲ ಎಂದೆನಲ್ಲ, ಅದು ನಿಜ. ಆದರೆ ನಿಯಮಗಳು ಎರಡು ಚುಕ್ಕೆಗಳ ನಡುವೆ ಅಳೆಯುವುದಿಲ್ಲ, ಸೊನ್ನೆಯಿಂದಲೇ ಅಳೆಯುತ್ತವೆ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಈ ಹಿಗ್ಗಿಸಿದ ಅಳತೆಗಳನ್ನು ರದ್ದು ಮಾಡಿದಾಗ ಸೊನ್ನೆ ಮತ್ತೆ ನಡುಮಧ್ಯಕ್ಕೆ ಹೋಯಿತು.

ನಡುಮಧ್ಯವನ್ನು ಹುಡುಕುವುದು ಹೇಗೆ ಎಂಬುದು ಬಾಕಿ ಉಳಿಯಿತು. ಒತ್ತುವರಿಯಾಗಿ, ಕಾಂಕ್ರೀಟ್ ಗೋಡೆ ಎದ್ದು, ಕಾಲುವೆ ಇದ್ದಲ್ಲಿ ಇಲ್ಲ. ಆಗ ಭೂಮಾಪಕರು ಹಳೆಯ ಗ್ರಾಮ ನಕಾಶೆಗೆ ಮರಳುತ್ತಾರೆ. ಹಳೆಯ ದಾಖಲೆಗಳ ಲೆಕ್ಕ ಮೀಟರಿನಲ್ಲಿಲ್ಲ, ಸರಪಳಿ ಮತ್ತು ಆಣೆಯಲ್ಲಿದೆ: ಸರಪಳಿಗೆ 33 ಅಡಿ, ಒಂದು ಸರಪಳಿಗೆ 16 ಆಣೆ, ಸರಪಳಿ ಉದ್ದ ಸರಪಳಿ ಅಗಲದ ಚೌಕವೇ ಗುಂಟೆ. ಈ ರೇಖೆಯ ಮೇಲೆ 50 ಮೀಟರ್ ಕೂರುವುದು 4 ಸರಪಳಿ 15 ಆಣೆ ದಾಟಿ ಅರ್ಧ ಆಣೆಯ ಹತ್ತಿರ. ಅಳತೆ ಅರ್ಧ ಆಣೆ ಅತ್ತಿತ್ತ ಆದರೆ ನೆಲದ ಮೇಲೆ ಅದು ಒಂದಡಿಗೂ ಹೆಚ್ಚು. ಮನೆಯ ಹೊರಗೋಡೆಯ ದಪ್ಪ ಒಂಬತ್ತು ಅಂಗುಲ. ಗೋಡೆ ತುಂಡಿನ ಒಳಗಿದೆಯೋ ಹೊರಗಿದೆಯೋ ಎಂದು ಆ ನಕಾಶೆಯೊಂದನ್ನೇ ನೋಡಿ ಯಾರೂ ಹೇಳಲಾರರು. ನೋಟೀಸಿನಲ್ಲಿ ಮಾತ್ರ ಒಂದೇ ಸಂಖ್ಯೆ ಇರುತ್ತದೆ.